ಡಾಕ್ಟರಮ್ಮನಿಗಾಗಿ ಆರಿಸಿದ ವಿಮೆ

ಬೀದಿಯ ತಿರುವಿನಲ್ಲಿದ್ದ ಪಾರ್ಲರಿನ ಒಡತಿಗೆ ಜನ ಇಟ್ಟ ಹೆಸರು ಕತ್ತರಿಯಮ್ಮ. ಎರಡು ಕುರ್ಚಿ, ಉದ್ದನೆಯ ಕನ್ನಡಿ, ತಲೆ ತೊಳೆಯುವ ಬೇಸಿನ್ನು, ಇಷ್ಟೇ ಅವಳ ಸಾಮ್ರಾಜ್ಯ. ಬಂದವರ ಕೂದಲನ್ನು ಕತ್ತರಿಸುವಷ್ಟೇ ಸಲೀಸಾಗಿ ಅವರ ಮಾತನ್ನೂ ಕತ್ತರಿಸುತ್ತಿದ್ದಳು. ದಿನವಿಡೀ ನಿಂತೂ ನಿಂತೂ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿಕೊಂಡಿದ್ದವು. ಆದರೂ ಯಾರಾದರೂ ವಯಸ್ಸಿನ ಮಾತೆತ್ತಿದರೆ ಉರಿದುಬೀಳುತ್ತಿದ್ದಳು.

ಹೀಗಿರುವಾಗ ಅರವತ್ತೈದು ಹತ್ತಿರ ಬಂತು. ಹಿರಿಯರಿಗೆಂದು ಸರ್ಕಾರ ಮಾಡಿರುವ ಆರೋಗ್ಯ ವಿಮೆಗೆ ಸೇರುವ ವಯಸ್ಸು ಅದು. ಲಿಫ್ಟ್ ಮೆಕ್ಯಾನಿಕ್ಕಾಗಿ ದುಡಿದು ನಿವೃತ್ತನಾಗಿದ್ದ ಅಣ್ಣ ಪಾರ್ಲರಿಗೇ ಬಂದು ಕೂತು, ವಿಮೆಗೆ ಸೇರು ಎಂದ.

"ನಾನೇನು ಮುದುಕಿನಾ?" ಎಂದಳು.

"ಮುದುಕಿ ಆಗು, ಬಿಡು, ಅದು ನಿನ್ನಿಷ್ಟ. ಹೊತ್ತಿಗೆ ಸರಿಯಾಗಿ ಸೇರದಿದ್ರೆ ಆಮೇಲೆ ಕಂತಿನ ಜೊತೆ ದಂಡಾನೂ ಕಟ್ಬೇಕು ಕಣೇ. ನನ್ನ ಹಾಗೆ ಕಂಪನಿ ಯೋಜನೆ ತಗೋ. ಕನ್ನಡಕ ಪುಕ್ಕಟೆ, ಹಲ್ಲು ಪುಕ್ಕಟೆ!" ಎಂದು ಹೊಸ ಹಲ್ಲುಗಳನ್ನೆಲ್ಲ ಕಿರಿದು ತೋರಿಸಿದ.

ದಾರಿ ಎರಡಿದ್ದವು. ಸರ್ಕಾರವೇ ನೇರವಾಗಿ ನಡೆಸುವ ಯೋಜನೆಯಲ್ಲಿ ಕಂತು ಹೆಚ್ಚು, ಆದರೆ ಹೆಚ್ಚುಕಡಿಮೆ ಯಾವ ಡಾಕ್ಟರ ಹತ್ತಿರ ಬೇಕಾದರೂ ಹೋಗಬಹುದು. ಸರ್ಕಾರದ ಪರವಾಗಿ ಕಂಪನಿಗಳು ನಡೆಸುವುದರಲ್ಲಿ ಕಂತು ಕಡಿಮೆ, ಆದರೆ ಅವರು ಗೊತ್ತುಮಾಡಿದ ಡಾಕ್ಟರುಗಳೇ ಗತಿ. ಕುರ್ಚಿಗೆ ಬಂದು ಕೂತವರೆಲ್ಲ ಒಂದೊಂದು ಸಲಹೆ ಉದುರಿಸಿ ಹೋದರು. ಕೇಳೀ ಕೇಳೀ ಕತ್ತರಿಯಮ್ಮನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

ಅವಳಿಗೆ ಇದ್ದದ್ದು ಒಂದೇ ಚಿಂತೆ: ಡಾಕ್ಟರಮ್ಮ. ಹಿಂದೊಮ್ಮೆ ಮೈ ಊದಿ, ಕತ್ತರಿ ಎತ್ತಲೂ ತ್ರಾಣವಿಲ್ಲದಾಗ ಕಂಡವರೆಲ್ಲ "ವಯಸ್ಸಾಯ್ತಲ್ಲ" ಎಂದಿದ್ದರು. ಡಾಕ್ಟರಮ್ಮ ಮಾತ್ರ ಕತ್ತು ಮುಟ್ಟಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, "ವಯಸ್ಸಲ್ಲ, ಥೈರಾಯ್ಡು. ಇಷ್ಟು ದಿನ ಏನ್ ಮಾಡ್ತಿದ್ರಿ?" ಎಂದು ಚೆನ್ನಾಗಿ ಬೈದಿದ್ದರು. ಆ ಬೈಗುಳಕ್ಕೇ ಅರ್ಧ ಕಾಯಿಲೆ ಬಿಟ್ಟುಹೋಗಿತ್ತು.

ವಿಮೆ ಕಚೇರಿಯ ಕಿಟಕಿಯಲ್ಲಿ ಕೂತಿದ್ದ ಹುಡುಗಿ ಕೇಳಿದಳು: "ಈಗಲೂ ಕೆಲಸ ಮಾಡ್ತೀರಾಮ್ಮಾ?"

"ಮಾಡದೆ ಇದ್ರೆ ನಿನ್ನ ಹಣೆ ಮೇಲಿನ ಆ ಓರೆ ಕೂದಲು ಸರಿ ಮಾಡೋರ್ಯಾರು?"

ಹುಡುಗಿ ನಕ್ಕು ಹಣೆ ಮುಟ್ಟಿಕೊಂಡಳು. "ನಿಮಗೆ ಬೇಕಾದ ಡಾಕ್ಟ್ರು ಯಾವ ಯೋಜನೇಲಿದಾರೆ ಅಂತ ಮೊದಲು ಕೇಳ್ಕೊಳ್ಳಿ" ಎಂದಳು. ಕತ್ತರಿಯಮ್ಮ ಅಲ್ಲಿಂದಲೇ ಕ್ಲಿನಿಕ್ಕಿಗೆ ಫೋನ್ ಮಾಡಿದಳು. ಸರ್ಕಾರದ್ದು ಮಾತ್ರ ನಡೆಯುತ್ತದೆ ಎಂಬ ಉತ್ತರ ಬಂತು. ಸರಿ, ಅದಕ್ಕೇ ಸಹಿ ಹಾಕಿದಳು. "ಹೊಸ ವೈದ್ಯನಿಗಿಂತ ಹಳೇ ರೋಗಿ ಮೇಲು ಅಂತಾರೆ. ನನಗೆ ಹಳೇ ವೈದ್ಯರೇ ಇದಾರೆ, ಇನ್ನೇನು!" ಎಂದು ಅಣ್ಣನ ಬಾಯಿ ಮುಚ್ಚಿಸಿದಳು.

ಮರುವಾರ ಗೆದ್ದವಳ ಹಾಗೆ ಕ್ಲಿನಿಕ್ಕಿಗೆ ಹೋಗಿ, "ನಿಮಗೋಸ್ಕರವೇ ದುಬಾರಿದು ಆರಿಸಿದೆ ಡಾಕ್ಟ್ರೇ" ಎಂದಳು.

ಡಾಕ್ಟರಮ್ಮ ಸ್ಟೆತಾಸ್ಕೋಪು ಕೆಳಗಿಟ್ಟರು. "ಅಯ್ಯೋ! ನಾನು ಈ ವರ್ಷದ ಕೊನೆಗೆ ಕ್ಲಿನಿಕ್ ಮುಚ್ತಾ ಇದೀನಲ್ಲ!"

ಕತ್ತರಿಯಮ್ಮನಿಗೆ ಸಿಟ್ಟು ಬಂತು. "ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀವೆಲ್ಲ ಅಳ್ತಾ ಕೂರ್ತೀರಿ ಅಂತ ಸುಮ್ಮನಿದ್ದೆ. ನನಗೂ ಅರವತ್ತೈದಾಯ್ತು. ನಿಜ ಹೇಳ್ಲಾ? ಆ ವಿಮೆಗೆ ನಾನೇ ಇನ್ನೂ ಸೇರಿಲ್ಲ. ಊರಿನವರನ್ನೆಲ್ಲ 'ಹೋಗಿ, ಹೋಗಿ' ಅಂತ ಅಟ್ಟಿದೆ. ನನಗೇ ಹೋಗೋಕೆ ಮನಸ್ಸು ಬರ್ತಿಲ್ಲ."

"ಯಾಕೆ?"

"ಹೋದ್ರೆ ಮುದುಕಿ ಆಗ್ಬಿಡ್ತೀನಲ್ಲ!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ಹೊರಗೆ ಕಾಯುತ್ತಿದ್ದ ರೋಗಿಗಳು ಬಾಗಿಲಲ್ಲಿ ಇಣುಕಿ ನೋಡಿದರು.

ಪಾರ್ಲರಿನ ರಜಾದಿನ ಕತ್ತರಿಯಮ್ಮ ಡಾಕ್ಟರಮ್ಮನನ್ನು ವಿಮೆ ಕಚೇರಿಗೆ ಕೈಹಿಡಿದು ಎಳೆದುಕೊಂಡೇ ಹೋದಳು. ಅಲ್ಲಿ ಡಾಕ್ಟರಮ್ಮ ಅಳೆದೂ ಸುರಿದೂ ಆರಿಸಿದ್ದು ಕಂಪನಿ ಯೋಜನೆಯನ್ನು! "ನನ್ನ ದವಡೆ ಹಲ್ಲೆಲ್ಲ ಹುಳುಕು ಕಣ್ರೀ. ಡಾಕ್ಟ್ರು ಯಾರಾದ್ರೂ ನಡೆಯುತ್ತೆ, ನಾನು ಯಾರ ಮಾತೂ ಕೇಳೋಳಲ್ಲ." ಅಣ್ಣನಿಗೆ ಈ ಸುದ್ದಿ ತಲುಪದಂತೆ ಕತ್ತರಿಯಮ್ಮ ತುಂಬ ಎಚ್ಚರ ವಹಿಸಿದಳು.

ಸರ್ಕಾರದ ಯೋಜನೆ ದಂಡವಾಗಲಿಲ್ಲ. ಕಾಲಿನ ನರಗಳಿಗೆ ಪಟ್ಟಣದಲ್ಲೇ ಒಳ್ಳೆಯ ಸರ್ಜನ್ ಯಾರೆಂದು ಡಾಕ್ಟರಮ್ಮ ಹೇಳಿದರು. ವಿಮೆ ಆ ಸರ್ಜನ್ ಹತ್ತಿರವೂ ನಡೆಯಿತು. ಆಪರೇಷನ್ ಮುಗಿದು ಕತ್ತರಿಯಮ್ಮ ಕಣ್ಣು ಬಿಟ್ಟಾಗ ಮಂಚದ ಪಕ್ಕ ಡಾಕ್ಟರಮ್ಮ ಕೂತಿದ್ದರು, ಡಾಕ್ಟರಾಗಿ ಅಲ್ಲ, ಕಿತ್ತಳೆ ಹಣ್ಣು ಸುಲಿಯುತ್ತ, ಗೆಳತಿಯಾಗಿ.

"ಒಂದು ವಾರ ಅಂಗಡಿ ಕಡೆ ತಲೆ ಹಾಕಿದ್ರೆ ನೋಡಿ!" ಎಂದು ಗದರಿಸಿ, ಒಂದು ತೊಳೆ ಬಾಯಿಗಿಟ್ಟರು. ಕತ್ತರಿಯಮ್ಮ ಎದುರಾಡದೆ ಅಗಿದಳು.