ಏರಿನಲ್ಲಿ ಜೊತೆಗಿದ್ದ ಪ್ರಮೀಳಾ ಮೇಡಂ

ಶೆಟ್ಟಿಹಳ್ಳಿಯ ಭೀಮರಾಜ್ ಹೆಸರಿಗೆ ತಕ್ಕ ಆಳು. ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತ, ಕೂತಲ್ಲೇ ಕೆಲಸ, ಜೊತೆಗೆ ಸಕ್ಕರೆ ಕಾಯಿಲೆ. ತೂಕ ಇಳಿಯದಿದ್ದರೆ ದಿನಾ ಇನ್ಸುಲಿನ್ ಎಂದು ಡಾಕ್ಟರು ಗದರಿಸಿದ ಮೇಲೆ, ಮನೆಯ ಹಾಲ್‌ನಲ್ಲಿ ಸೈಕಲ್ಲೊಂದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಟಿವಿ ಮುಂದೆ ತುಳಿಯತೊಡಗಿದ. ಇದಕ್ಕೆ ವರ್ಚುವಲ್ ರೈಡ್ ಅನ್ನುತ್ತಾರೆ. ತುಮಕೂರು, ಗುಬ್ಬಿ, ಕುಣಿಗಲ್ಲಿನವರು ತಂತಮ್ಮ ಮನೆಯಲ್ಲೇ ತುಳಿಯುತ್ತಾರೆ. ಅವರವರ ಗೊಂಬೆಗಳು ಟಿವಿಯೊಳಗಿನ ರಸ್ತೆಯಲ್ಲಿ ಗುಂಪಾಗಿ ಓಡುತ್ತವೆ. ಇಯರ್‌ಫೋನ್ ಹಾಕಿಕೊಂಡರೆ ಹರಟೆಯೂ ಉಂಟು.

ಮೊದಲು ಆಪ್‌ನಲ್ಲಿ ನಿಮ್ಮ ತೂಕ ಹಾಕಬೇಕು. ಅಷ್ಟೇ ದಪ್ಪದ ಗೊಂಬೆ ಬರುತ್ತದೆ. ಟಿವಿಯ ರಸ್ತೆಯಲ್ಲಿ ಏರು ಬಂದಾಗ ಸ್ಟ್ಯಾಂಡು ಪೆಡಲನ್ನು ಬಿಗಿ ಮಾಡಿ ಅಷ್ಟೂ ಭಾರವನ್ನು ಕಾಲಿನ ಮೇಲೆ ಹಾಕುತ್ತದೆ. ಜಾಣರು ಐದಾರು ಕೆಜಿ ನುಂಗಿ ಹಾಕುತ್ತಾರೆ. ನಮ್ಮ ಭೀಮರಾಜ್, ಪುಣ್ಯಾತ್ಮ, ನೂರ ಹದಿನೆಂಟು ಎಂದು ಇದ್ದದ್ದು ಇದ್ದ ಹಾಗೆ ಹಾಕಿದ. ಕೇಳಬೇಕೇ! ಭಾನುವಾರದ ರೈಡಿನಲ್ಲಿ ಏರು ಸಿಕ್ಕಿದ್ದೇ ತಡ, ಗುಂಪು ಕಣ್ಮರೆ. "ನೂರ ಹದಿನೆಂಟು ಕೆಜಿ ಎಳೀಬೇಕು ಕಣ್ರಪ್ಪಾ, ನಿಂತ್ಕೊಳ್ರೋ!" ಎಂದು ಗೋಳಾಡಿದರೂ ಯಾರೂ ನಿಲ್ಲುತ್ತಿರಲಿಲ್ಲ. ಸುಸ್ತಿಗಿಂತ ನಾಚಿಕೆಯೇ ಅವನನ್ನು ಹಣ್ಣು ಮಾಡಿತು.

"ಈ ವಾರಾನೂ ಒಬ್ಬನೇ ಹಿಂದೆ ಬಿದ್ರೆ ಇದನ್ನ ಮಾರ್ಬುಡ್ತೀನಿ ಕಣೇ," ಎಂದ ಹೆಂಡತಿ ಮಂಜುಶ್ರೀಗೆ.

"ಮಾರಿ. ಆಮೇಲೆ ಸೂಜಿ ಚುಚ್ಚು ಬಾ ಅಂತ ನನ್ನ ಕರೀಬೇಡಿ," ಎಂದಳು ಅವಳು.

ಆ ಭಾನುವಾರವೂ ಏರು ಬಂತು, ಗುಂಪು ಹೋಯಿತು. ಇನ್ನೇನು ಇಳಿದುಬಿಡಬೇಕು, ಕಿವಿಯಲ್ಲಿ ಹೆಂಗಸಿನ ದನಿ: "ಸಾರ್, ನಾನು ಗುಬ್ಬಿ ಪ್ರಮೀಳಾ. ನನ್ನ ಹಿಂದೇನೇ ಅಂಟ್ಕೊಂಡು ಬನ್ನಿ, ಆಪ್ ಲೆಕ್ಕದ ಎದುರುಗಾಳಿ ತಪ್ಪುತ್ತೆ, ತುಳಿಯೋದು ಹಗುರಾಗುತ್ತೆ."

ಟಿವಿಯಲ್ಲಿ ಮುಂದೊಂದು ದಪ್ಪ ಹೆಂಗಸಿನ ಗೊಂಬೆ. ಸದ್ಯ, ನನ್ನಂಥವರೇ ಒಬ್ಬರು ಸಿಕ್ಕರು ಎಂದು ಭೀಮರಾಜನಿಗೆ ಜೀವ ಬಂತು. "ಈಗ ಗೇರ್ ಇಳಿಸಿ. ಮಾತು ಬೇಡ, ಉಸಿರು ಬಿಡಿ," ಎನ್ನುತ್ತಾ ಆಕೆ ಏರು ಹತ್ತಿಸಿದರು. ತನಗೆ ಏದುಸಿರು ಬರುವುದು ತನಗಿಂತ ಮೊದಲೇ ಈಕೆಗೆ ಹೇಗೆ ಗೊತ್ತಾಗುತ್ತದಪ್ಪಾ ಎಂದು ಅವನು ಬೆರಗಾದ. ತಡವಾಗಿ ಮುಟ್ಟಿದರೂ ಒಬ್ಬನೇ ಮುಟ್ಟಲಿಲ್ಲ. ಸೈಕಲ್ ಉಳಿಯಿತು.

ಮುಂದೆ ಪ್ರತಿ ಭಾನುವಾರ ಹೀಗೇ. ತೂಕ ಇಳಿದಾಗಲೆಲ್ಲ ಆಕೆಗೆ ವರದಿ ಒಪ್ಪಿಸುತ್ತಿದ್ದ. ತಿಂಗಳುಗಳು ಕಳೆದು ಒಂದು ಬೆಳಗ್ಗೆ ಏರಿನ ನೆತ್ತಿಯಲ್ಲಿ ನೋಡುತ್ತಾನೆ, ಸುತ್ತಲೂ ಗುಂಪು! "ಗುಂಪಲ್ಲೇ ಇದೀನಿ ಕಣೇ!" ಎಂದು ಕೂಗಿದ ಕೂಗಿಗೆ ಮಂಜುಶ್ರೀ ಸೌಟು ಹಿಡಿದೇ ಓಡಿಬಂದಳು. ಅವನ ಕಣ್ಣು ತುಂಬಿತ್ತು.

ಆಕೆಯಿಂದ ವಿಳಾಸ ಕೇಳಿಕೊಂಡು ಅವತ್ತೇ ಗುಬ್ಬಿಗೆ ಹೊರಟ. ಬಾಗಿಲು ತೆರೆದದ್ದು ಗಾಳಿ ಬಂದರೆ ಹಾರಿಹೋಗುವಂಥ ಹೆಂಗಸು.

"ಪ್ರಮೀಳಾ ಮೇಡಂ ಇದಾರಾಮ್ಮ?"

"ನಾನೇ ಸಾರ್. ಬನ್ನಿ ಒಳಕ್ಕೆ."

ಭೀಮರಾಜ್ ಆಕೆಯನ್ನು ಮೇಲಿಂದ ಕೆಳಗೆ ನೋಡಿದ. "ಮತ್ತೆ ಟಿವೀಲಿ..."

"ಓ, ಅದಾ? ನನ್ನ ತೂಕ ಐವತ್ತು. ಅಲ್ಲಿ ನೀವು ಕೂಗಿ ಹೇಳ್ತಿದ್ದ ನಿಮ್ಮ ತೂಕಾನೇ ಹಾಕ್ಕೊಂಡಿದೀನಿ. ಹಗುರವಾಗಿದ್ರೆ ನಿಮ್ಗೆಲ್ಲಿ ಕಷ್ಟ ಆಗುತ್ತೆ ಅಂತ ನಂಗೆಲ್ಲಿ ಗೊತ್ತಾಗುತ್ತೆ?" ಎಂದು ನಕ್ಕರು. "ನಮ್ಮೂರು ಕೊತ್ತಗೆರೇಲಿ ರಾಗಿ ಹೊಲದಲ್ಲಿ ಕಳೆ ಕೀಳೋವಾಗ, ಹಿಂದೆ ಬಿದ್ದೋರ ಸಾಲಿಗೆ ಪಕ್ಕದೋರು ಕೈ ಹಾಕ್ತಾರೆ. ಎಲ್ರೂ ಒಟ್ಟಿಗೇ ಬದು ಮುಟ್ಬೇಕು, ಅಷ್ಟೇ."

ಅಷ್ಟೇ ಅಂತೆ! ಎಲ್ಲರೂ ತಮ್ಮ ತೂಕ ಬಚ್ಚಿಡುವ ಕಡೆ, ಈ ಕಡ್ಡಿಯಂಥ ಹೆಂಗಸು ತನ್ನದಲ್ಲದ ಭಾರವನ್ನು ಕೇಳಿ ಹೇರಿಕೊಂಡು, ವಾರ ವಾರವೂ ಏರು ಹತ್ತಿದ್ದಾರೆ. ಇವನಿಗೆ ಒಂದು ಮಾತೂ ಹೇಳಿಲ್ಲ. ಭೀಮರಾಜ್ ಕೈ ಮುಗಿದ.

"ಅಯ್ಯೋ, ಏನ್ ಸಾರ್ ಇದು, ಕೂತ್ಕೊಳ್ಳಿ," ಎನ್ನುತ್ತ ಆಕೆ ಕಾಫಿಗೆ ಇಡಲು ಹೋದರು. ಒಳಗಿನಿಂದಲೇ ಕೇಳಿದರು: "ಹೋದ ವಾರ ನೂರ ಎರಡು ಅಂದಿದ್ರಿ. ಈಗೆಷ್ಟಿದೀರಾ? ನೀವು ಇಳಿದ ಹಾಗೆ ನಾನೂ ಇಳಿಸ್ತಾ ಬಂದಿದೀನಿ."

"ನೂರು ಮೇಡಂ," ಎಂದ.

"ಸದ್ಯ! ನಂಗೂ ಎರಡು ಕೆಜಿ ಕಮ್ಮಿ ಆಯ್ತು."