ಹೊಸ್ತಿಲ ಮೇಲಿನ ಉಪ್ಪು

ಇದನ್ನು ಕಟ್ಟುಕಥೆ ಎಂದುಕೊಂಡು ಓದುವುದಾದರೆ ಓದಿ. ಹಾಗೆ ಅಂದುಕೊಂಡರೆ ನನಗೂ ಸ್ವಲ್ಪ ಸಮಾಧಾನ. ಆದರೆ ಇದು ನಡೆದದ್ದು. ಬಿಣಗಾದ ನಮ್ಮ ಮನೆಯಲ್ಲಿ, ನಾನೂ ಆಯಿಯೂ (ಅಮ್ಮನನ್ನು ನಾವು ಹಾಗೆ ಕರೆಯುವುದು) ಎಚ್ಚರವಿದ್ದಾಗಲೇ ನಡೆದದ್ದು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಅದು ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಓರಣವಾಗಿ ಬಂದರಂತೂ ಇನ್ನೂ ಇಲ್ಲ. ಅನುಮಾನ ಇರುವಲ್ಲಿ ಅನುಮಾನ ಎಂದೇ ಬರೆಯುತ್ತೇನೆ.

ಐರ್ಲೆಂಡಿನಲ್ಲಿ ಓದಲು ನನಗೆ ಸೀಟು ಸಿಕ್ಕಿತ್ತು. ಸಿಗದೇ ಇದ್ದದ್ದು ರೂಮು. ಹಾಸ್ಟೆಲ್ ಭರ್ತಿಯಾಗಿತ್ತು. ಕಂಡ ಕಂಡ ಮನೆಗಳಿಗೆಲ್ಲ ಬರೆದೆ, ಒಂದೂ ಕುದುರಲಿಲ್ಲ. ನನ್ನ ಅಪ್ಪ, ಬಾಬಾ, ಮೀನಿನ ಬೋಟಿಗೆ ಹೋಗುವ ಮುಂಚೆ ಒಂದೇ ಮಾತು ಹೇಳಿದ್ದರು: "ತಲೆ ಇಡೂಕೆ ಜಾಗ ಇಲ್ದೆ ಕಳ್ಸೂದಿಲ್ಲ."

ಕೊನೆಗೂ ಒಬ್ಬ ಮನೆಯೊಡತಿ ಒಪ್ಪಿದಳು. ಕಡಲ ಹತ್ತಿರದ ಮನೆ, ಮಹಡಿಯಲ್ಲಿ ಒಂದು ರೂಮು. ವಿಡಿಯೋ ಕಾಲ್ ಮಾಡಿ ತೋರಿಸುತ್ತೇನೆ ಎಂದಳು. ಅಲ್ಲಿ ಇನ್ನೂ ಸಂಜೆ. ಇಲ್ಲಿ ನಮ್ಮದು ಊಟವೂ ಆಗಿತ್ತು.

ಮಂಚ, ಮೇಜು, ಕಡಲು ಕಾಣುವ ಕಿಟಕಿ. ನನಗೆ ಅಷ್ಟೇ ಸಾಕಾಗಿತ್ತು. ಆಯಿಗೆ ಸಾಲಲಿಲ್ಲ.

"ಆ ಹೆಂಗ್ಸಿಗೆ ಆಚೆ ಹೋಗೂಕೆ ಹೇಳು. ಜಾಗ ಕೇಳ್ಬೇಕು."

"ಆಯೀ, ಮರ್ಯಾದೆ ತೆಗೀಬೇಡ..."

"ನಿನ್ನ ಮರ್ಯಾದೆ ಅಲ್ಲೇ ಮಡ್ಗು. ಕೇಳ್ದೆ ಕಾಲಿಡೂದು ಎಂತಾ ರೀತಿ?"

ಇದು ನಮ್ಮವರ ಪದ್ಧತಿ. ಮೀನಿನ ಹಂಗಾಮಿಗೆ ಮಲ್ಪೆ, ರತ್ನಾಗಿರಿ ಎಂದು ಹೋಗಿ ಬಾಡಿಗೆ ಮನೆ ಹಿಡಿದರೆ, ಒಳಗೆ ಹೋಗುವ ಮುಂಚೆ ಮನೆಯ ಹಿರಿಯ ಹೆಂಗಸು ಹೊಸ್ತಿಲ ಹೊರಗೆ ನಿಲ್ಲುತ್ತಾಳೆ. ಹೊಸ್ತಿಲ ಮೇಲೆ ಹಿಡಿ ಉಪ್ಪು ಇಟ್ಟು, ಇಷ್ಟು ಜನ, ಇಷ್ಟು ದಿನ ಇರುತ್ತೇವೆ, ಜಾಗ ಕೊಡಿ ಎಂದು ಖಾಲಿ ಮನೆಯನ್ನು ಕೇಳುತ್ತಾಳೆ. ಒಳಗಿನಿಂದ ಏನಾದರೂ ಸಪ್ಪಳ ಬರಬೇಕು. ಹಲ್ಲಿ ಲೊಚಗುಟ್ಟಿದರೂ ಆಯಿತು, ಮರ ಕಿರುಗುಟ್ಟಿದರೂ ಆಯಿತು. ಬರದಿದ್ದರೆ ಆ ದಿನ ವಾಪಸು.

ನನ್ನ ತಾಯಿ ಪ್ರಾರ್ಥನೆ ಮಾಡಬೇಕಂತೆ ಎಂದು ಮನೆಯೊಡತಿಗೆ ಹೇಳಿದೆ. ಅವಳು ನಕ್ಕು, ಫೋನನ್ನು ಕಿಟಕಿಯ ಕಟ್ಟೆಗೆ ಒರಗಿಸಿಟ್ಟು ಕೆಳಗೆ ಹೋದಳು.

ಈಗ ಉಪ್ಪು ಇಡಲು ಹೊಸ್ತಿಲು ಬೇಕಲ್ಲ. ಫೋನಿನಲ್ಲಿ ಎಲ್ಲಿಂದ ಬರಬೇಕು? ಆಯಿ ಮುಷ್ಟಿ ತುಂಬ ಉಪ್ಪು ತಂದು ನಮ್ಮ ಮನೆಯ ಬಾಗಿಲ ಹೊರಗೆ ನಿಂತಳು. ನಮ್ಮದೇ ಹೊಸ್ತಿಲ ಮೇಲೆ ಇಟ್ಟಳು. ಫೋನನ್ನು ಎದುರಿಗೆ ಹಿಡಿದಳು. ಆದರೆ ಅವಳ ಮುಖ ಇದ್ದದ್ದು ನಮ್ಮ ಮನೆಯ ಒಳಕ್ಕೆ.

"ಒಬ್ಳೇ ಹುಡ್ಗಿ. ಓದು ಮುಗಿಯೂವರೆಗೆ ಇರ್ತದೆ. ಗಲಾಟೆ ಮಾಡೂದಿಲ್ಲ. ಜಾಗ ಕೊಡಿ."

ಹೆದ್ದಾರಿಯಲ್ಲಿ ಲಾರಿಯೊಂದು ಹೋಯಿತು. ಆಮೇಲೆ ಏನೂ ಇಲ್ಲ...

ಟಕ್... ಟಕ್...

ಬೆರಳ ಗೆಣ್ಣಿನಿಂದ ಮರ ತಟ್ಟಿದ ಹಾಗೆ.

"ಕೊಟ್ರು!" ಎಂದಳು ಆಯಿ, ಖುಷಿಯಿಂದ.

ನಾನು ಫೋನು ನೋಡುತ್ತಿದ್ದೆ. ನೆಟ್‌ವರ್ಕ್ ಹೋಗಿ ಚಿತ್ರ ಕಲ್ಲಾಗಿ ನಿಂತಿತ್ತು. ಅಲ್ಲಿಂದ ಸಪ್ಪಳ ಬರುವ ಹಾಗೇ ಇರಲಿಲ್ಲ. ಚಿತ್ರ ನಿಂತದ್ದು ಆಮೇಲೆ ಎನ್ನುತ್ತಾಳೆ ಆಯಿ. ಇರಬಹುದು. ಆದರೆ ಇನ್ನೊಂದು ಸಲ ತಟ್ಟಿದಾಗ ಇಬ್ಬರೂ ತಿರುಗಿ ನೋಡಿದ್ದು ಫೋನನ್ನಲ್ಲ. ಒಳಗೆ ನನ್ನ ಕೋಣೆಯ ಕಡೆಗೆ.

ಹೋಗಿ ನೋಡಿದೆ. ಯಾರೂ ಇಲ್ಲ. ಕಿಟಕಿ ಮುಚ್ಚಿತ್ತು. ಒಂದು ವಾಸನೆ ಮಾತ್ರ ಇತ್ತು... ಒಣಮೀನಿನದಲ್ಲ, ಮಳೆಗಾಲದ ಮುಗ್ಗಲಲ್ಲ. ಒದ್ದೆ ನಾಯಿ ಬೆಂಕಿಗೆ ಮೈ ಕಾಯಿಸಿಕೊಂಡ ಹಾಗೆ. ಇಲಿಯೇ ಇರಬೇಕು ಎಂದುಕೊಂಡು ಮಲಗಿದೆ.

ರೂಮು ನನ್ನದಾಯಿತು. ಹೋದೆ. ಆ ರೂಮಿನಲ್ಲಿ ನನಗೆ ಏನೆಂದರೆ ಏನೂ ಆಗಲಿಲ್ಲ. ಅಷ್ಟು ಶಾಂತ. ಒಂದು ದಿನ ಮಳೆಯಲ್ಲಿ ತೊಯ್ದ ಉಣ್ಣೆಯ ಕೋಟನ್ನು ಹೀಟರಿನ ಮೇಲೆ ಹರವಿದೆ. ಆವಿ ಎದ್ದು ಮೂಗಿಗೆ ಬಡಿಯಿತು. ಅದೇ ವಾಸನೆ! ಅಥವಾ ಈ ವಾಸನೆಯನ್ನೇ ಆಮೇಲೆ ನಾನು ಆ ರಾತ್ರಿಯೊಳಗೆ ತುರುಕಿದೆನೋ... ಇವತ್ತಿಗೂ ಗೊತ್ತಿಲ್ಲ.

ಅದೇ ವಾರ ಮನೆಯೊಡತಿ ಚಹಾ ಕೊಡುತ್ತಾ ಅಂದಳು: "ನಿನಗಿಂತ ಮೊದಲು ಇಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ರಾತ್ರಿ ಯಾರೋ ಬಾಗಿಲು ತಟ್ಟುತ್ತಾರೆ ಎಂದು ಬಿಟ್ಟು ಹೋಗುತ್ತಿದ್ದರು. ನಿನಗೆ ಕೇಳಿಸಿಲ್ಲ, ಅಲ್ಲವೇ?"

ಇಲ್ಲ ಎಂದೆ. ಆಗ ಹೊಳೆಯಿತು, ವಿಡಿಯೋ ಕಾಲಿನಲ್ಲಿ ಆಯಿ ನನ್ನ ಜತೆ ಯಾವಾಗಲೂ ಜಗಲಿಯಲ್ಲಿ ನಿಂತೇ ಮಾತಾಡುತ್ತಾಳೆ. ಅವತ್ತೇ ಅವಳಿಗೆ ಕಾಲ್ ಮಾಡಿದೆ.

"ನನ್ನ ಕೋಣೆ ತೋರ್ಸು, ಆಯೀ."

"ಈಗ ಬೇಡ."

"ಎಂತಕ್ಕೆ?"

ಅವಳು ದನಿ ತಗ್ಗಿಸಿದಳು. "ಮಲ್ಗಿದೆ."

"ಯಾರು?"

"ಯಾರಂತ ಕೇಳೂದು? ಎಂತಾ ತೊಂದ್ರೆ ಇಲ್ಲ ಮಾರಾಯ್ತಿ. ನಿನ್ಗಿಂತ ವಾಸಿ, ಹೊರಗೆ ಬರೂವಾಗ ಲೈಟು ಆರಿಸ್ತದೆ."

ಆಯಿ ನಕ್ಕಳು. ನನಗೆ ನಗು ಬರಲಿಲ್ಲ.

ಓದು ಇನ್ನೂ ಮುಗಿದಿಲ್ಲ. ರಜೆಗೆಂದು ಊರಿಗೆ ಬಂದೆ. ಬಿಣಗಾದಲ್ಲಿ ಬಸ್ಸಿಳಿದಾಗ ಕತ್ತಲಾಗಿತ್ತು. ಗೇಟು ದಾಟಿ ಜಗಲಿ ಹತ್ತುವಾಗ ಆಯಿ ಅಡ್ಡ ಬಂದಳು. ಅವಳ ಮುಷ್ಟಿಯಲ್ಲಿ ಉಪ್ಪಿತ್ತು.

"ನಿಲ್ಲು. ಕೇಳ್ತೆ."

"ನಮ್ಮನೆಗೆ ಬರೂಕೆ ಕೇಳೂದಾ?"

"ಅದ್ಕೆ ಜಾಗ ಕೊಟ್ಟಾಗಿದೆ ಮಗಾ. ಒಂದ್ಮಾತು ಕೇಳ್ಬೇಕಲೆ."

ಹೊಸ್ತಿಲ ಮೇಲೆ ಉಪ್ಪು ಇಟ್ಟಳು. "ಇದು ನಮ್ಮನೆ ಹುಡ್ಗಿ. ರಜೆ ಮುಗಿಯೂವರೆಗೆ ಇರ್ತದೆ. ಜಾಗ ಕೊಡಿ."

ಕಾದೆವು. ಗೋಡೆಯ ಮೇಲೆ ಹಲ್ಲಿ ಇತ್ತು, ಅದೂ ಬಾಯಿ ಬಿಡಲಿಲ್ಲ. ಒಳಗೆ ನನ್ನ ಕೋಣೆಯ ಬಾಗಿಲ ಸಂದಿನಿಂದ ಬೆಳಕು ಗೆರೆಯಾಗಿ ಬಿದ್ದಿತ್ತು. ಬಾಬಾ ಒಳಗಿದ್ದಾರೆ ಅಂದುಕೊಂಡೆ. ಬಾಬಾ ನನ್ನ ಹಿಂದೆ ಅಂಗಳದಲ್ಲಿ ಬೀಡಿ ಹಿಡಿದು ನಿಂತಿದ್ದರು, ತಲೆ ತಗ್ಗಿಸಿ.

ಆ ಬೆಳಕು ಆರಿತು...

ಸಪ್ಪಳ ಮಾತ್ರ ಬರಲಿಲ್ಲ. ಆಯಿ ನನ್ನ ಮುಖ ನೋಡಲಿಲ್ಲ. "ಇವತ್ತು ಮಾವಶಿ ಮನೆಗೆ ಹೋಗು," ಎಂದಳು. ಬಾಬಾ ನನ್ನ ಬ್ಯಾಗು ಎತ್ತಿಕೊಂಡರು.

ಈಗ ಅಂಕೋಲೆಯಲ್ಲಿ, ಆಯಿಯ ತಂಗಿ ಮಾವಶಿಯ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ದಿನಾ ಸಂಜೆ ಬಸ್ಸು ಹತ್ತಿ ಹೋಗುತ್ತೇನೆ, ಹೊಸ್ತಿಲ ಹೊರಗೆ ನಿಲ್ಲುತ್ತೇನೆ, ತಿರುಗಿ ಬರುತ್ತೇನೆ. ಉಪ್ಪು ದಾಟಿ ನುಗ್ಗಬಹುದು. ನುಗ್ಗುವುದಿಲ್ಲ: ನಾನು ಅಲ್ಲಿ ಅದರ ರೂಮು ಹಿಡಿದೆ, ಅದು ಇಲ್ಲಿ ನನ್ನದು ಹಿಡಿದಿದೆ.

ನಿನ್ನೆ ರಾತ್ರಿ ಆಯಿಗೆ ಫೋನು ಮಾಡಿದೆ. "ಓದು ಮುಗಿಯೂವರೆಗೆ ಅಂತಲೇ ಅಲ್ವಾ ನೀನು ಕೇಳಿದ್ದು? ಪರೀಕ್ಷೆ ಮುಗಿಸಿ ಬರ್ತೆ. ಆಗ ಅದು ಹೋಗ್ಬೇಕು."

ಆಯಿ ಜಗಲಿಯಿಂದ ಅಂಗಳಕ್ಕೆ ಇಳಿದದ್ದು ಕೇಳಿಸಿತು.

"ಹೋಗ್ತದೆ... ಆದ್ರೆ ಎಲ್ಲಿಗೆ ಹೋಗ್ತದೆ, ಪಾಪ?"

ಅವಳ ಹಿಂದೆ, ಮನೆಯೊಳಗೆ, ಟಕ್... ಟಕ್...

"ಇರು ಮಗಾ, ಕರೀತದೆ," ಎಂದು ಆಯಿ ಫೋನಿಟ್ಟಳು.