ರಬ್ಬರ್ ಗಾಲಿಗೆ ಔಡಲೆಣ್ಣೆ

ಆಗ ನನಗೆ ಇಪ್ಪತ್ಮೂರು ವರ್ಷ. ಈಗ ಎಂಬತ್ತಾರು. ಅರವತ್ಮೂರು ವರ್ಷದ ಹಿಂದಿನ ಮಾತಿದು. ಅಂದು ಆ ಮನೆಯಲ್ಲಿದ್ದವರ ಪೈಕಿ ಈಗ ಉಳಿದವಳು ನಾನೊಬ್ಬಳೇ. ಹಾಗಾಗಿ ನಾನು ತಪ್ಪು ಬರೆದರೂ ತಿದ್ದುವವರಿಲ್ಲ.

ನನ್ನ ತವರು ಅಮ್ಮಿನಬಾವಿ, ಗಂಡನ ಮನೆ ಹುಬ್ಬಳ್ಳಿಯ ಕಮರಿಪೇಟೆ. ಮಾವನವರದು ಹತ್ತಿ ವ್ಯಾಪಾರ. ನಮ್ಮವರು ಅದೇ ಅಂಗಡಿಯಲ್ಲಿ ಕೂರಬೇಕಾದವರು. ಕೂರಬೇಕಾದವರು ಎಂದೆ, ಕೂರುತ್ತಿದ್ದರು ಎನ್ನಲಿಲ್ಲ. ಅವರಿಗೆ ಪ್ಲೇಟು ಹಾಡಿಸುವ ಪೆಟ್ಟಿಗೆಗಳ, ಎಂದರೆ ಗ್ರಾಮೊಫೋನುಗಳ ಹುಚ್ಚು. ರೈಲ್ವೆ ಕಾಲೋನಿಯ ಯಾವ ಸಾಹೇಬನಿಗೆ ಬೇರೆ ಊರಿಗೆ ವರ್ಗವಾದರೂ, ಸುದ್ದಿ ಆ ಸಾಹೇಬನ ಹೆಂಡತಿಗಿಂತ ಮೊದಲು ನಮ್ಮವರಿಗೆ ಮುಟ್ಟುತ್ತಿತ್ತು. ಹೋಗಿ ನಿಂತು, ಅವರು ಬಿಟ್ಟುಹೋಗುವ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಬರುತ್ತಿದ್ದರು. ಹತ್ತಿಯ ಒಂದು ಮೂಟೆಯನ್ನೂ ಅವರು ಹೊತ್ತದ್ದು ನಾನು ಕಂಡಿಲ್ಲ.

ಹೀಗೆ ಕಾಳಿನ ಖೋಲಿಯಲ್ಲಿ ಏಳು ಪೆಟ್ಟಿಗೆ ಸೇರಿದ್ದವು. ಒಂದಕ್ಕೆ ಚಾವಿ ಕೊಟ್ಟರೆ ಚಾವಿಯೇ ಕೈಗೆ ಬರುತ್ತಿತ್ತು. ಒಂದರ ಮುಚ್ಚಳ ಇಲಿ ತಿಂದಿತ್ತು. ಒಂದಕ್ಕೆ ಸೂಜಿ ಹಿಡಿಯುವ ಕೈಯೇ ಇರಲಿಲ್ಲ. ಬಿಡುವಿದ್ದಾಗಲೆಲ್ಲ, ಎಂದರೆ ಬೇಕೆಂದಾಗಲೆಲ್ಲ, ಹಳೆಯ ಪೇಪರು ಹಾಸಿ, ಒಂದೊಂದನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ನನ್ನ ಹಳೆಯ ಕುಬಸದ ತುಂಡಿನಿಂದ ಒರೆಸುತ್ತಿದ್ದರು. ಒಮ್ಮೆ ನನ್ನ ಕುಂಕುಮದ ಬಟ್ಟಲಲ್ಲಿ ಎರಡು ಸ್ಕ್ರೂ ಸಿಕ್ಕವು.

“ಏನ್ರೀ, ಇದೂ ಕೆಟ್ಟದ್ದೇನು?” ಎಂದು ಕೇಳಿದರೆ, “ಕೆಟ್ಟಿಲ್ಲ, ಸುಮ್ಮನ ಕುಂತೈತಿ” ಎನ್ನುತ್ತಿದ್ದರು.

ಬಾಜೂ ಮನೆಯವಳು ನನ್ನನ್ನು ಕೆಣಕುತ್ತಿದ್ದಳು. “ಏನವ್ವಾ, ಮನ್ಯಾಗ ಏಳು ಡಬ್ಬಿ, ಒಂದರೆ ಹಾಡೂದು ಕೇಳಲಿಲ್ಲಲಾ?”

“ಹಾಡಿದ್ರ ಅದನ್ನ ಬಿಟ್ಟು ಮತ್ತೊಂದು ಕೆಟ್ಟದ್ದು ತರ್ತಾರ. ಹಾಡದಿದ್ರ ಚಲೋ,” ಎನ್ನುತ್ತಿದ್ದೆ.

ನಾನು ಹೇಳಹೊರಟ ವಾರ ಆದದ್ದು ಇಷ್ಟು. ಗುರುವಾರ ಮಾವನವರು ಯಾರೋ ತೀರಿಕೊಂಡರೆಂದು ಮಣ್ಣಿಗೆ ಹೋಗಿದ್ದರು. ಅಂಗಡಿಯನ್ನು ಮಗನಿಗೆ ಬಿಟ್ಟಿದ್ದರು. ಮಗ ಬಾಗಿಲಿಗೆ ಕೀಲಿ ಹಾಕಿ ರೈಲ್ವೆ ಕಾಲೋನಿಗೆ ಹೋಗಿದ್ದರು. ಹೊರ ಊರಿನಿಂದ ಬಂದ ಹತ್ತಿ ಕೊಳ್ಳುವವನು ಕೀಲಿ ನೋಡಿ ಎದುರಿನ ಅಂಗಡಿಗೆ ಹೋದ. ಸಂಜೆ ಮಾವನವರು ಪಡಸಾಲೆಯಲ್ಲಿ ಕೂತು ಮಗನನ್ನು ಕರೆದರು. ಸಿಟ್ಟು ಬಂದರೆ ಅವರ ದನಿ ಸಣ್ಣಗಾಗುತ್ತಿತ್ತು.

“ತಮ್ಮಾ, ನಿನ್ನ ಏಳು ಡಬ್ಬಿಯೊಳಗ ಒಂದರೆ ಹಾಡ್ತೈತೇನು?”

“ಹಾಡ್ತೈತಿ ಅಪ್ಪಾ.”

“ರವಿವಾರ ಸಂಜೀಕ ಮಾಸ್ತರು ಚಹಾಕ್ಕ ಬರ್ತಾರ. ಅವರ ಮುಂದ ಒಂದು ಪ್ಲೇಟು ಮೊದಲಿಂದ ಕಡೀತನಕ ಹಾಡಬೇಕು. ನಡುವ ನೀ ಕೈ ಹಚ್ಚಬಾರದು. ಹಾಡಲಿಲ್ಲಾ, ಸೋಮವಾರ ಏಳೂ ಡಬ್ಬಿ ಗುಜರಿಯವಗ. ನೀ ಅಂಗಡ್ಯಾಗ.”

ಮಾಸ್ತರು ಎಂದರೆ ದೇಶಪಾಂಡೆ ನಗರದಲ್ಲಿದ್ದ ಮಾವನವರ ಗೆಳೆಯರು, ನಿವೃತ್ತ ಹೆಡ್‌ಮಾಸ್ತರು. ಧಾರವಾಡದಲ್ಲಿ ಯಾವ ಗವಾಯಿ ಕೂತು ಹಾಡಿದರೂ ಮುಂದಿನ ಸಾಲಿನಲ್ಲಿ ಇವರಿಬ್ಬರೂ ಇರಬೇಕು.

ಬಾಗಿಲ ಹಿಂದೆ ನಿಂತು ಕೇಳಿದ ನನಗೆ ಮೊದಲು ಖುಷಿಯೇ ಆಯಿತು. ಸುಳ್ಳು ಯಾಕೆ ಬರೆಯಲಿ? ತವರಿನಿಂದ ಬಂದ ನನ್ನ ಜೋಳದ ಚೀಲಗಳು ಆ ಪೆಟ್ಟಿಗೆಗಳ ಸಂದಿಯಲ್ಲಿ ಉಸಿರು ಕಟ್ಟಿ ನಿಂತಿದ್ದವು. ಆದರೆ ಊಟಕ್ಕೆ ಕೂತಾಗ, ನಾಲ್ಕು ರೊಟ್ಟಿ ತಿನ್ನುವ ನಮ್ಮವರು ಎರಡಕ್ಕೇ ಎದ್ದರು. ಶುಕ್ರವಾರ ಒಂದೂವರೆ. ರೊಟ್ಟಿ ಬಡಿದವಳಿಗೆ ಅದು ಬೈದಂತೆ. ಆಯ್ತು, ಈ ಸಲ ಇವರು ಗೆಲ್ಲಲಿ ಎಂದುಕೊಂಡೆ.

ಏಳು ಪೆಟ್ಟಿಗೆಯಲ್ಲಿ ಕರೆಂಟಿನದು ಒಂದಿತ್ತು. ಇಪ್ಪತ್ತು ನಿಮಿಷ ಹಾಡುವ ದೊಡ್ಡ ಪ್ಲೇಟನ್ನೂ ತಿರುಗಿಸುವಂಥದು. ಅದನ್ನೇ ನಮ್ಮವರು ಸಜ್ಜು ಮಾಡಿದರು. ಶನಿವಾರ ಮುಂಜಾನೆ ಹಚ್ಚಿ ನೋಡಿದಾಗ ಪ್ಲೇಟು ಕೂರುವ ತಟ್ಟೆ ತಿರುಗಿತು. ಆದರೆ ಕಿರ್ ಕಿರ್ ಎನ್ನುತ್ತಿತ್ತು. “ಒಂದ್ ಹನಿ ಎಣ್ಣಿ ಬಿಟ್ರ ಆತು. ಸಂಜೀಕ ಬಂದು ಬಿಡ್ತೇನಿ,” ಎಂದು ಹೇಳಿ ಅಂಗಡಿಗೆ ಹೋದರು. ಮಾವನವರು ಅವರನ್ನು ದೀಪ ಹಚ್ಚುವ ತನಕ ಏಳಗೊಡಲಿಲ್ಲ.

ನಾನು ಅಮ್ಮಿನಬಾವಿಯವಳು. ನಮ್ಮ ಮನೆಯಲ್ಲಿ ನಾಲ್ಕು ಬಂಡಿ ಇದ್ದವು. ತಿರುಗುವುದಕ್ಕೆಲ್ಲ ಎಣ್ಣೆ ಬೇಕು ಎನ್ನುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮಧ್ಯಾಹ್ನ ಔಡಲೆಣ್ಣೆಯ, ಎಂದರೆ ಹರಳೆಣ್ಣೆಯ, ಬಾಟಲಿ ತಗೊಂಡು ಕಾಳಿನ ಖೋಲಿಗೆ ಹೋದೆ. ಅವರು ಮಾಡುವುದನ್ನು ನೋಡಿ ನೋಡಿ ತಟ್ಟೆ ಎತ್ತುವುದು ಬರುತ್ತಿತ್ತು. ಕೆಳಗೆ ನಡುವಿನ ಕಡ್ಡಿಗೆ ಎಣ್ಣೆ ಬಿಟ್ಟೆ. ಪಕ್ಕದಲ್ಲಿ ಒಂದು ಸಣ್ಣ ರಬ್ಬರ್ ಗಾಲಿ ಇತ್ತು. ಗಾಲಿ ಎಂದ ಮೇಲೆ ಅದಕ್ಕೂ ಬಿಟ್ಟೆ. ಅದು ತಾಗುವ ತಟ್ಟೆಯ ಒಳ ಅಂಚಿಗೂ ಬೆರಳಿನಿಂದ ಸವರಿದೆ. ಒಂದು ಹನಿ ಎಂದಿದ್ದರು, ನಾನು ಕೈ ಬಿಗಿ ಹಿಡಿಯುವವಳಲ್ಲ. ಬೆರಳಿನಿಂದ ತಿರುಗಿಸಿ ನೋಡಿದೆ. ಸಪ್ಪಳವೇ ಇಲ್ಲ. ಸಂಜೆ ಅವರಿಗೆ, “ಎಣ್ಣಿ ಬಿಟ್ಟೇನಿ, ಕಿರ್ ಅನ್ನೂದು ನಿಂತೈತಿ” ಎಂದೆ. ಅವರಿಗೆ ನಂಬಲೇ ಆಗಲಿಲ್ಲ. ಆ ರಾತ್ರಿ ಮೂರು ರೊಟ್ಟಿ ತಿಂದರು.

ಆ ಸಂಜೆಯೇ ಹೋದ ಕರೆಂಟು ರವಿವಾರ ಮುಂಜಾನೆಯೂ ಬರಲಿಲ್ಲ. ಮತ್ತೊಮ್ಮೆ ಹಚ್ಚಿ ನೋಡಲು ಆಗಲಿಲ್ಲ. ಕರೆಂಟು ಬಂದದ್ದು ನಾಲ್ಕಕ್ಕೆ, ಮಾಸ್ತರು ಬಂದದ್ದೂ ನಾಲ್ಕಕ್ಕೆ. ಅವರು ತಂಬಾಕು ಉಗುಳಿ, ಬಾಯಿ ತೊಳೆದು, ಹಾಸಿದ್ದ ಜಾಜಮಿನ ಮೇಲೆ ಕಚೇರಿಗೆ ಕೂತಂತೆ ಕೂತರು. ನಮ್ಮವರು ಪ್ಲೇಟು ಇಟ್ಟು, ಸೂಜಿ ಇಳಿಸಿ, ಎರಡೂ ಕೈ ಹಿಂದೆ ಕಟ್ಟಿಕೊಂಡು ಸರಿದರು.

ಗವಾಯಿ ಬಾಯಿ ತೆರೆದ. ಈಯುವ ಎಮ್ಮೆ ನರಳಿದ ಹಾಗೆ ದನಿ ಬಂತು. ಇನ್ನಷ್ಟು ಕೆಳಗಿಳಿಯಿತು. ನಿಂತೇ ಹೋಯಿತು.

“ಇಂವಗೇನು ಹೊಟ್ಟಿ ನೋವೇನಪಾ?” ಎಂದರು ಮಾಸ್ತರು.

ಮಾವನವರು ಮೀಸೆಯಲ್ಲೇ ನಕ್ಕರು. “ಇಂವಗ ಅಲ್ರೀ, ನನ್ನ ಮಗಗ. ನಾಳಿಂದ ಅಂಗಡ್ಯಾಗ ಕುಂದ್ರೂದೈತೆಲ್ಲ, ಅದಕ್ಕ.”

ನಮ್ಮವರು ಸೂಜಿ ಎತ್ತಿ ಪ್ಲೇಟು ತೆಗೆದರು. ತಟ್ಟೆ ಎತ್ತಿ ಒಳಗೆ ನೋಡಿದರು. ಬೆರಳು ಹಾಕಿ, ಮೂಸಿದರು. “ಯಾರು ಇಲ್ಲಿ ಔಡಲೆಣ್ಣಿ ಸವರ್‍ಯಾರ?” ಎಂದರು. ಕೇಳಿದ್ದು ಗೋಡೆಯನ್ನು. ಯಾರೆಂದು ಅವರಿಗೆ ಗೊತ್ತಿತ್ತು, ಅಪ್ಪನ ಮುಂದೆ ನನ್ನನ್ನು ಹೇಳಲಿಲ್ಲ.

ನಮ್ಮಲ್ಲಿ ಸೊಸೆ ಮಾವನ ಎದುರು ಮಾತಾಡುವ ಪದ್ಧತಿ ಇರಲಿಲ್ಲ. ಮದುವೆಯಾಗಿ ಐದು ವರ್ಷ, ಏನು ಬೇಕಾದರೂ ಅತ್ತೆಗೆ ಹೇಳಿ, ಅತ್ತೆ ಅವರಿಗೆ ಹೇಳಬೇಕು. ಅತ್ತೆಗೆ ಹೇಳಿ ಮುಗಿಸುವಷ್ಟರಲ್ಲಿ ಏಳೂ ಪೆಟ್ಟಿಗೆ ಗುಜರಿ ಸೇರುತ್ತಿದ್ದವು. ಸೆರಗು ಎಳೆದುಕೊಂಡು ಬಾಗಿಲಿನಿಂದ ಈಚೆ ಬಂದೆ.

“ಎಣ್ಣಿ ನಾ ಹಾಕೇನ್ರಿ. ಅವರದೇನೂ ತಪ್ಪಿಲ್ಲ.”

ಮಾವನವರು ಚಹಾದ ಬಸಿ ಕೆಳಗಿಟ್ಟು ಅಡುಗೆಮನೆಯ ಕಡೆ ತಿರುಗಿದರು. “ಏ ಇಕಿನ, ನಿನ್ನ ಸೊಸಿಗೆ ಬಾಯಿ ಐತೇನು? ಐದು ವರ್ಷ ಎಲ್ಲಿಟ್ಟಿದ್ಲು?”

ಅತ್ತೆ ಅಡುಗೆಮನೆಯಿಂದಲೇ ಹೇಳಿದರು, “ನಿಮ್ಮ ಮುಂದ ಯಾರ ಬಾಯಿ ನಡೀತೈತ್ರಿ?”

ನಮ್ಮವರು ನನಗೆ ಗಾಲಿ ತೋರಿಸಿದರು. ಮೋಟಾರಿನ ಕಡ್ಡಿ ಈ ರಬ್ಬರನ್ನು ಉಜ್ಜುತ್ತದೆ, ರಬ್ಬರು ತಟ್ಟೆಯನ್ನು ಉಜ್ಜುತ್ತದೆ. ಉಜ್ಜಿದರೇ ತಿರುಗುವುದು, ಜಾರಿದರೆ ಇಲ್ಲ. “ಇದು ಬಂಡಿ ಗಾಲಿ ಅಲ್ಲಾ,” ಎಂದರು. ಬೈದದ್ದು ಅಷ್ಟೇ.

“ಎಣ್ಣಿ ಬೂದಿಗೆ ಹೋಗ್ತೈತ್ರಿ. ಒಲಿ ಬೂದಿ ತರ್ತೇನಿ,” ಎಂದೆ.

“ಬ್ಯಾಡ. ಅದರಾಗ ಹಳ್ಳ, ಸಣ್ಣ ಕಲ್ಲು ಇರ್ತಾವ. ರಬ್ಬರ್ ಹರೀತೈತಿ.”

ಆಗ ಅತ್ತೆ ಬಂದರು. ಅವರು ಈ ಪೆಟ್ಟಿಗೆಗಳ ಬಗ್ಗೆ ಅಲ್ಲಿಯವರೆಗೆ ಒಳ್ಳೆಯದೂ ಅಂದಿರಲಿಲ್ಲ, ಕೆಟ್ಟದ್ದೂ ಅಂದಿರಲಿಲ್ಲ. ಕೈಯಲ್ಲಿ ಪೂಜೆಯ ವಿಭೂತಿ ಗಟ್ಟಿ ಇತ್ತು. ಅರ್ಧ ಮುರಿದು ಮಗನ ಅಂಗೈಗೆ ಹಾಕಿದರು. “ಇದು ಸೋಸಿದ್ದೈತಿ. ಹಳ್ಳ ಇಲ್ಲ.”

“ಹಣೀಗೆ ಹಚ್ಚೂದನ್ನ ಗಾಲಿಗೆ ಹಚ್ತೀಯೇನ?” ಎಂದು ಮಾವನವರು ಕಣ್ಣು ಬಿಟ್ಟರು.

“ಗಾಲಿ ಹಚ್ಚಿಕೊಂಡು ತಿರಗತೈತಿ. ನೀವು ಹಚ್ಚಿಕೊಂಡು ಕುಂತಲ್ಲೇ ಕುಂತಿರ್ತೀರಿ.”

ಮಾಸ್ತರಿಗೆ ನಗು ತಡೆಯದೆ ಕೆಮ್ಮು ಹತ್ತಿತು. ಆ ಸಂದಿಯಲ್ಲಿ ನಾನೂ ನಮ್ಮವರೂ ಕೂತು, ಬಟ್ಟೆಯಿಂದ ಎಣ್ಣೆ ಒರೆಸಿ, ವಿಭೂತಿ ಪುಡಿ ಮಾಡಿ ಹಚ್ಚಿ, ಮತ್ತೆ ಒರೆಸಿ, ಮತ್ತೆ ಹಚ್ಚಿದೆವು. ನನ್ನ ಉಗುರಿನ ಸಂದಿಯೆಲ್ಲ ಕರಿ ಬಿಳಿ. ಮಾಸ್ತರು ಎರಡನೇ ಚಹಾ ಕೇಳಿದರು. ಚಹಾ ಮುಗಿಯುವ ತನಕ ಅವಕಾಶ ಎಂದು ಅವರೇ ತೀರ್ಪು ಕೊಟ್ಟರು. ಪಾಪ, ಅಷ್ಟು ನಿಧಾನ ಚಹಾ ಕುಡಿದವರನ್ನು ನಾನು ಮತ್ತೆ ನೋಡಿಲ್ಲ.

ಪ್ಲೇಟು ಮತ್ತೆ ಮೊದಲಿನಿಂದ ಶುರುವಾಯಿತು. ಈ ಸಲ ಗವಾಯಿ ಮನುಷ್ಯನಂತೆ ಹಾಡಿದ. ನಮ್ಮವರ ಕೈ ಹಿಂದೆಯೇ ಇತ್ತು. ಹತ್ತು ನಿಮಿಷವಾಯಿತು. ಹದಿನೈದಾಯಿತು. ಮಾವನವರು ತೊಡೆ ತಟ್ಟುತ್ತಾ ಕಣ್ಣು ಮುಚ್ಚಿದ್ದರು. ಕೊನೆಗೆ ಗವಾಯಿ ದನಿಯನ್ನು ಮೆಲ್ಲಗೆ ಮೇಲೆ ಮೇಲೆ ಏರಿಸುತ್ತಾ ಹೊರಟ. ಇನ್ನೇನು ತುದಿ ಮುಟ್ಟಬೇಕು, ಗಾಲಿ ಜಾರಿತು. ದನಿ ಕುಸಿಯತೊಡಗಿತು. ನಮ್ಮವರು ಕಣ್ಣು ಮುಚ್ಚಿದರು.

ಮಾವನವರು ಕಣ್ಣು ತೆರೆದರು. “ಏ ಏ, ಹತ್ತೋ, ಈಗ ಬೀಳಬ್ಯಾಡ!” ಎಂದು ಮುಂದೆ ಬಾಗಿ, ತೋರುಬೆರಳಿನಿಂದ ತಟ್ಟೆಯ ಅಂಚನ್ನು ನೂಕಿದರು. ಗವಾಯಿ ಮೇಲೆ ಹತ್ತಿದ. ಅಲ್ಲಿಂದ ಪ್ಲೇಟು ಮುಗಿಯುವವರೆಗೆ ಅವರು ಆ ಬೆರಳು ತೆಗೆಯಲಿಲ್ಲ.

“ಕೈ ಹಚ್ಚಬಾರದು ಅಂದಿದ್ರೆಲ್ಲ?” ಎಂದರು ಮಾಸ್ತರು.

“ಅಂವಾ ಹಚ್ಚಬಾರದು ಅಂದಿದ್ದೆ. ನಾ ಹಚ್ಚಬಾರದು ಅಂದಿಲ್ಲ.” ಬೆರಳಿಗೆ ಹತ್ತಿದ್ದ ಎಣ್ಣೆಯನ್ನು ಧೋತರಕ್ಕೆ ಒರೆಸಿಕೊಂಡು ಮಗನ ಕಡೆ ತಿರುಗಿದರು. “ಇರಲಿ ನಿನ್ನ ಡಬ್ಬಿ. ಕಾಳಿನ ಖೋಲಿ ನೀನ ಇಟ್ಕೊ. ಆದ್ರ ಅಂಗಡಿ ತೆರದಿದ್ದಾಗ ನೀ ಅಂಗಡ್ಯಾಗ ಇರಬೇಕು, ತಿಳೀತಾ?”

“ತಿಳೀತ್ರಿ ಅಪ್ಪಾ,” ಎಂದರು ನಮ್ಮವರು. ಅಂದು ಐದು ರೊಟ್ಟಿ ತಿಂದರು. ಖೋಲಿ ಕೊಟ್ಟವರೂ ಪಡೆದವರೂ ಅದರಲ್ಲಿ ಯಾರ ಜೋಳ ಇದೆ ಎಂದು ಕೇಳಲಿಲ್ಲ.

ಮರುದಿನ ಮುಂಜಾನೆ ಅಪ್ಪ ಮಗ ಇಬ್ಬರೂ ಅಂಗಡಿಗೆ ಹೋದ ಮೇಲೆ, ನಾನು ಸೀರೆ ಮೇಲೆ ಸಿಗಿಸಿ, ಮೂರು ಚೀಲ ಜೋಳವನ್ನು ಬುಟ್ಟಿ ಬುಟ್ಟಿಯಾಗಿ ಹೊತ್ತು ಅಡುಗೆಮನೆಯ ಮೂಲೆಗೆ ಸಾಗಿಸಿದೆ.